ಊರಿನ ಕೆಲಸಕ್ಕೆ ಕಂಪನಿ ಬಂದಾಗ

“ಅಕ್ಕಾರ, ನಳಾ ಬಂತೇನ್ರಿ?”

ಹುಬ್ಬಳ್ಳಿ–ಧಾರವಾಡದ ಓಣಿಗಳಲ್ಲಿ ಬೆಳೆದವರಿಗೆ ಈ ಪ್ರಶ್ನೆಯ ಹಿಂದಿನ ಆತಂಕ ಗೊತ್ತು. ಐದಾರು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ ಬರುವ ನೀರು. ಅದು ಬೆಳಗಿನ ಜಾವ ಎರಡಕ್ಕೂ ಬಂದೀತು, ಮಟಮಟ ಮಧ್ಯಾಹ್ನಕ್ಕೂ ಬಂದೀತು. ಹಿತ್ತಲಿನ ಬ್ಯಾರಲ್, ಬಚ್ಚಲ ಹಂಡೆ, ಅಡುಗೆಮನೆಯ ಕೊಡ, ಮಾಳಿಗೆಯ ಸಿಂಟೆಕ್ಸ್ ತುಂಬುವವರೆಗೆ ಮನೆಯಲ್ಲಿ ಯಾರಾದರೂ ಒಬ್ಬರು ಎಚ್ಚರವಿರಬೇಕು. ಹಾಗೆ ಎಚ್ಚರವಿರುವವರು ಬಹುತೇಕ ಹೆಂಗಸರೇ. ಕೂಲಿಗೆ ಹೋಗುವ ಮನೆಯಲ್ಲಾದರೆ ನೀರು ಬಂದ ದಿನ ಒಂದು ಆಳಿನ ಪಗಾರ ಹೋಯಿತು, ಇಲ್ಲವೇ ಮಗಳ ಶಾಲೆ ತಪ್ಪಿತು.

2008ರಲ್ಲಿ ಈ ಅವಳಿ ನಗರದ ಕೆಲವು ವಾರ್ಡ್‌ಗಳಲ್ಲಿ, ಜೊತೆಗೆ ಬೆಳಗಾವಿ ಮತ್ತು ಕಲಬುರಗಿಯ ಕೆಲವು ಭಾಗಗಳಲ್ಲಿ, ನಳದ ನೀರು ಹಗಲೂ ರಾತ್ರಿ ನಿಲ್ಲದೆ ಹರಿಯತೊಡಗಿತು. ನದಿಗಳು ಅವೇ, ಜಲಾಶಯಗಳೂ ಅವೇ. ಕೆಲಸ ಮಾಡಿಸಿದ್ದು ಸರ್ಕಾರ, ಮಾಡಿದ್ದು ಫ್ರಾನ್ಸ್ ಮೂಲದ ವಿಯೋಲಿಯಾ ಎಂಬ ಖಾಸಗಿ ಕಂಪನಿ. ಊರಿನ ಆಡಳಿತದಲ್ಲಿ ಖಾಸಗಿಯವರು ಕೈಜೋಡಿಸುವುದೆಂದರೆ ಏನು, ಅದರಿಂದ ಏನು ಸಿಗುತ್ತದೆ, ಏನು ಕೈತಪ್ಪುತ್ತದೆ ಎಂದು ತಿಳಿಯಬೇಕೆನ್ನುವವರು ಈ ನಳದಿಂದಲೇ ಶುರು ಮಾಡುವುದು ಒಳ್ಳೆಯದು.

ಇವತ್ತು ಇಂಥ ಸಹಭಾಗಿತ್ವ ನಮ್ಮ ಸುತ್ತ ಹಲವು ರೂಪದಲ್ಲಿದೆ. ಕಸ ಒಯ್ಯುವ ಆಟೋ ಟಿಪ್ಪರ್ ಗುತ್ತಿಗೆದಾರರದು. ಸರ್ಕಾರಿ ಶಾಲೆಯ ಹೊಸ ಕೊಠಡಿಯ ಮೇಲೆ ಕಂಪನಿಯ ಫಲಕ. ಕೆರೆಯ ಹೂಳೆತ್ತಿಸಿದ್ದು ಒಂದು ಕಾರ್ಖಾನೆ. ಪಂಚಾಯಿತಿಯ ಶುದ್ಧ ನೀರಿನ ಘಟಕ ನಡೆಸುವುದು ಏಜೆನ್ಸಿ. ಈ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಬಣಗಳಾಗುತ್ತವೆ. ಸರ್ಕಾರದ ಕೈಲಿ ಏನೂ ಆಗದು, ಕಂಪನಿಗೆ ಕೊಟ್ಟುಬಿಡಿ ಎನ್ನುವವರು ಒಂದು ಕಡೆ. ಕಂಪನಿ ಕಾಲಿಟ್ಟರೆ ಊರು ಮಾರಾಟವಾದಂತೆ ಎನ್ನುವವರು ಇನ್ನೊಂದು ಕಡೆ. ಕರ್ನಾಟಕದ ಕಳೆದ ಎರಡೂವರೆ ದಶಕದ ಅನುಭವವನ್ನು ಹರಡಿಕೊಂಡು ನೋಡಿದರೆ ಈ ಎರಡೂ ಮಾತು ಪೂರ್ತಿ ನಿಲ್ಲುವುದಿಲ್ಲ. ಕೆಲಸವನ್ನು ಬೇರೆಯವರ ಕೈಗೆ ಕೊಡಬಹುದು, ಎಷ್ಟೋ ಸಲ ಕೊಡುವುದೇ ಲೇಸು. ಆದರೆ ಆ ಕೆಲಸಕ್ಕೆ ಜನರೆದುರು ಉತ್ತರ ಹೇಳುವ ಹೊಣೆ ಚುನಾಯಿತ ಸ್ಥಳೀಯ ಸಂಸ್ಥೆಯಲ್ಲೇ ಉಳಿಯಬೇಕು. ಎಲ್ಲೆಲ್ಲಿ ಈ ಹೊಣೆ ಗಟ್ಟಿಯಾಗಿ ನಿಂತಿತೋ ಅಲ್ಲಿ ಸಹಭಾಗಿತ್ವ ಫಲ ಕೊಟ್ಟಿದೆ. ಅದು ಸಡಿಲಾದ ಕಡೆ ಒಳ್ಳೆಯ ಉದ್ದೇಶಗಳೂ ಕೆಟ್ಟಿವೆ.

ನೆಲದಡಿಯ ಪೈಪಿನಲ್ಲಿ ನಡೆದದ್ದು

ಸಂವಿಧಾನದ 12ನೇ ಅನುಸೂಚಿಯ ಪ್ರಕಾರ ನೀರು ಸರಬರಾಜು ನಗರಾಡಳಿತದ ಕೆಲಸ. ಆದರೂ 2003ರಲ್ಲಿ ಹುಬ್ಬಳ್ಳಿ–ಧಾರವಾಡದ ನೀರಿನ ವ್ಯವಸ್ಥೆ ಮಹಾನಗರ ಪಾಲಿಕೆಯ ಕೈಬಿಟ್ಟು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ ಹೋಯಿತು. ಮರುವರ್ಷ ವಿಶ್ವಬ್ಯಾಂಕ್ ಸುಮಾರು 4 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಕೊಟ್ಟಿತು. ಉತ್ತರ ಕರ್ನಾಟಕದ ಈ ನಗರಗಳ ಹತ್ತನೇ ಒಂದು ಭಾಗದಷ್ಟು ಜನರಿಗೆ ದಿನದ 24 ಗಂಟೆಯೂ ನೀರು ಕೊಟ್ಟು ತೋರಿಸುವುದು ಯೋಜನೆ. ಅದಕ್ಕಾಗಿ ಐದು ಪ್ರಾತ್ಯಕ್ಷಿಕೆ ವಲಯಗಳನ್ನು ಆರಿಸಿ, ಅವುಗಳ ನಿರ್ವಹಣೆಯ ಗುತ್ತಿಗೆಯನ್ನು ವಿಯೋಲಿಯಾಕ್ಕೆ ಕೊಟ್ಟರು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕಂಪನಿ ತನ್ನ ಬಂಡವಾಳ ಹೂಡಲಿಲ್ಲ. ಪೈಪು, ಮೀಟರು, ಟ್ಯಾಂಕುಗಳ ಖರ್ಚು ಸಾರ್ವಜನಿಕ ಹಣದ್ದು, ಆಸ್ತಿಯೂ ಸಾರ್ವಜನಿಕರದ್ದು. ನೀರಿನ ದರ ನಿಗದಿ ಮಾಡುವ ಅಧಿಕಾರ ಕಂಪನಿಗೆ ಇರಲಿಲ್ಲ. ಹಳೆಯ ಪೈಪು ಕಿತ್ತು ಹೊಸದು ಹಾಕುವುದು, ಸೋರಿಕೆ ಹುಡುಕಿ ಮುಚ್ಚುವುದು, ಎಲ್ಲ ಮನೆಗೂ ಮೀಟರ್ ಕೂರಿಸುವುದು, ಆಮೇಲೆ ಎರಡು ವರ್ಷ ವ್ಯವಸ್ಥೆ ನಡೆಸಿ ತೋರಿಸುವುದು ಅದರ ಪಾಲಿನ ಕೆಲಸ. ಇಂತಿಷ್ಟು ಒತ್ತಡದಲ್ಲಿ ನೀರು ಕೊಡಬೇಕು, ಸೋರಿಕೆ ಇಂತಿಷ್ಟಕ್ಕೆ ಇಳಿಯಬೇಕು, ದೂರು ಇಷ್ಟು ಹೊತ್ತಿನಲ್ಲಿ ಬಗೆಹರಿಯಬೇಕು ಎಂಬ ಗುರಿಗಳು ಒಪ್ಪಂದದಲ್ಲೇ ಇದ್ದವು. ಶುಲ್ಕದ ಒಂದು ಭಾಗವನ್ನು ಆ ಗುರಿಗಳಿಗೆ ಕಟ್ಟಿಹಾಕಲಾಗಿತ್ತು.

ನಿರಂತರ ನೀರಿಗೆ ಬೆಟ್ಟದಷ್ಟು ಹೆಚ್ಚು ನೀರು ಬೇಕೆಂಬ ನಂಬಿಕೆ ಈ ವಲಯಗಳಲ್ಲಿ ಸುಳ್ಳಾಯಿತು. ಹಳೆಯ ಜಾಲದಲ್ಲಿ ಬಹುಪಾಲು ನೀರು ಮನೆ ಮುಟ್ಟುವ ಮೊದಲೇ ಮಣ್ಣು ಸೇರುತ್ತಿತ್ತು. ಸೋರಿಕೆ ನಿಂತ ಮೇಲೆ ಇದ್ದ ನೀರೇ ಸಾಲತೊಡಗಿತು. ನಾಳೆಯೂ ನಳ ಬರುತ್ತದೆ ಎಂಬ ಭರವಸೆ ಹುಟ್ಟಿದ ಮನೆಯಲ್ಲಿ ನಿನ್ನೆ ಹಿಡಿದಿಟ್ಟ ನೀರನ್ನು ಚೆಲ್ಲಿ ಹೊಸದನ್ನು ತುಂಬಿಸುವ ಅಭ್ಯಾಸವೂ ಕಡಿಮೆಯಾಗುತ್ತದೆ.

ನೀರಿನ ಶುದ್ಧತೆಯ ಲೆಕ್ಕವಂತೂ ಕಣ್ಣು ತೆರೆಸುವಂಥದ್ದು. ಸರದಿಯ ಮೇಲೆ ನೀರು ಬಿಡುವ ಊರಿನಲ್ಲಿ ಉಳಿದ ಹೊತ್ತು ಪೈಪು ಖಾಲಿಯಿರುತ್ತದೆ. ಒಳಗೆ ಒತ್ತಡ ಇಲ್ಲದಾಗ ಪಕ್ಕದ ಚರಂಡಿಯ ನೀರು ಬಿರುಕುಗಳಿಂದ ಒಳಗೆ ನುಗ್ಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಅದಕ್ಕೇ ನಮ್ಮ ಹೆಂಗಸರು ಮೊದಲ ಎರಡು ಕೊಡ ನೀರನ್ನು ಕುಡಿಯಲು ಹಿಡಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ–ಧಾರವಾಡದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಂಕಿಗಳಲ್ಲಿ ಹೇಳಿತು. ಸರದಿ ನೀರಿನ ನಳಗಳಿಂದ ತೆಗೆದ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಮಲದಿಂದ ಬರುವ ಇ. ಕೊಲೈ ಬ್ಯಾಕ್ಟೀರಿಯಾ ಇತ್ತು. ನಿರಂತರ ನೀರಿನ ನಳಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ.

ಹಾಗೆಂದು ಎಲ್ಲವೂ ಗೆಲುವಲ್ಲ. 2015ರಲ್ಲಿ ಬಂದ ಇನ್ನೊಂದು ಅಧ್ಯಯನ ಚಿಕ್ಕ ಮಕ್ಕಳಿರುವ ಸಾವಿರಾರು ಮನೆಗಳನ್ನು ಹೋಲಿಸಿ ನೋಡಿತು. ಒಟ್ಟಾರೆ ಭೇದಿಯ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಮನೆಗಳಲ್ಲಿ ರಕ್ತಭೇದಿ, ಹಾಗೆಯೇ ವಿಷಮಶೀತ ಜ್ವರದ ಪ್ರಕರಣಗಳು ನಿರಂತರ ನೀರಿನ ಭಾಗದಲ್ಲಿ ಕಡಿಮೆಯಿದ್ದವು. ನಳದಲ್ಲಿ ಚೊಕ್ಕ ನೀರು ಬಂದರೂ ಅದನ್ನು ಕೊಡದಲ್ಲಿ ತುಂಬಿಟ್ಟು, ಕೈಯದ್ದಿ ತೆಗೆಯುವ ರೂಢಿ ಮುಂದುವರಿದರೆ ಲಾಭ ಅಷ್ಟಕ್ಕೇ ನಿಲ್ಲುತ್ತದೆ. ಪೈಪು ಹಾಕುವುದನ್ನು ಕಂಪನಿಗೆ ವಹಿಸಬಹುದು. ಓಣಿ ಓಣಿಗೆ ಹೋಗಿ ಆರೋಗ್ಯದ ಅರಿವು ಮೂಡಿಸುವುದು ಆಶಾ ಕಾರ್ಯಕರ್ತೆ, ಅಂಗನವಾಡಿ, ವಾರ್ಡ್ ಸದಸ್ಯರಿಂದಲೇ ಆಗಬೇಕಾದ ಕೆಲಸ.

ಹತ್ತರಿಂದ ನೂರಕ್ಕೆ ಹೋಗುವಾಗ

ಪ್ರಾತ್ಯಕ್ಷಿಕೆ ಗೆದ್ದ ಮೇಲೆ ಉಳಿದ ಶೇ 90ರಷ್ಟು ಜನ ಕೇಳಿದ್ದು ಸಹಜವಾದ ಪ್ರಶ್ನೆ: ನಮಗೆ ಯಾವಾಗ? ಅದಕ್ಕೆ ಉತ್ತರ ಸಿಗಲು ವರ್ಷಗಳೇ ಹಿಡಿದವು. ವಿಶ್ವಬ್ಯಾಂಕ್‌ನ 10 ಕೋಟಿ ಡಾಲರ್ ಸಾಲದ ಎರಡನೇ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಇಡೀ ನಗರಕ್ಕೆ ನಿರಂತರ ನೀರು ಕೊಡುವ ಗುತ್ತಿಗೆ ಎಲ್ ಆ್ಯಂಡ್ ಟಿ ಕಂಪನಿಗೆ ಹೋಯಿತು.

ಆ ಹೊತ್ತಿನಲ್ಲಿ ಪಾಲಿಕೆಯ ಸ್ಥಿತಿ ಹೇಗಿತ್ತು ನೋಡಿ. ಹುಬ್ಬಳ್ಳಿ–ಧಾರವಾಡ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿದಿತ್ತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ನಗರದ ಬದುಕನ್ನೇ ಬದಲಿಸಬಲ್ಲ ಒಪ್ಪಂದ ರೂಪುಗೊಂಡ ಆ ಮೂರು ವರ್ಷ ಅದರ ಕಲಮುಗಳನ್ನು ಎತ್ತಿ ಚರ್ಚಿಸುವ ಸಾಮಾನ್ಯ ಸಭೆಯೇ ಇರಲಿಲ್ಲ; ಇದ್ದದ್ದು ಆಡಳಿತಾಧಿಕಾರಿ ಮಾತ್ರ. 2022ರಲ್ಲಿ ನಿರ್ವಹಣೆಯು ನೀರು ಸರಬರಾಜು ಮಂಡಳಿಯಿಂದ ಕಂಪನಿಗೆ ಹಸ್ತಾಂತರವಾದಾಗ ನೀರಿನ ಸರದಿ ಏರುಪೇರಾಯಿತು. ಖಾಲಿ ಕೊಡ ಹಿಡಿದು ಜನ ಬೀದಿಗಿಳಿದರು. ಮಂಡಳಿಯಲ್ಲಿ ದುಡಿಯುತ್ತಿದ್ದ ನೌಕರರು ತಮ್ಮ ಕೆಲಸ ಮತ್ತು ಬಾಕಿ ವೇತನದ ಪ್ರಶ್ನೆ ಎತ್ತಿ ಹೋರಾಟಕ್ಕೆ ನಿಂತರು. ಹೊಸದಾಗಿ ಗೆದ್ದು ಬಂದ ಸದಸ್ಯರು, ತಾವು ಒಪ್ಪದ ಕರಾರಿಗೆ ತಾವೇ ಬೈಗುಳ ತಿನ್ನಬೇಕಾದ ಸ್ಥಿತಿಯಲ್ಲಿದ್ದರು.

ಯಾವ ಓಣಿಗೆ ಯಾವ ವಾಲ್ವ್, ಎಲ್ಲಿ ಪೈಪು ತಿರುಗಿದೆ, ಯಾವ ಏರಿನಲ್ಲಿ ನೀರು ಹತ್ತುವುದಿಲ್ಲ ಎಂಬುದು ನಮ್ಮ ನಗರಗಳಲ್ಲಿ ನಕ್ಷೆಗಿಂತ ಹೆಚ್ಚಾಗಿ ವಾಲ್ವ್‌ಮನ್‌ಗಳ ತಲೆಯಲ್ಲಿದೆ. ಆ ತಿಳಿವಳಿಕೆಯನ್ನು ಹೊಸಬರಿಗೆ ದಾಟಿಸುವ ಏರ್ಪಾಡಿಲ್ಲದೆ ಹಸ್ತಾಂತರ ಮಾಡಿದರೆ ಎಂಥ ದೊಡ್ಡ ಕಂಪನಿಯಾದರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಮೈಸೂರಿನಲ್ಲೂ ಟಾಟಾ ಸಮೂಹದ ಜಸ್ಕೋ ಕಂಪನಿಗೆ ನೀರಿನ ಜಾಲ ನವೀಕರಿಸುವ ಗುತ್ತಿಗೆ ಕೊಟ್ಟಿದ್ದರು. ಅದು ವಿಳಂಬ, ದಂಡ, ತಕರಾರುಗಳಲ್ಲಿ ಕೊನೆಗೊಂಡಿತು. ಹೆಸರಾಂತ ಕಂಪನಿ ಬಂದ ಮಾತ್ರಕ್ಕೆ ಕೆಲಸ ಸುಸೂತ್ರವಾಗುತ್ತದೆ ಎನ್ನುವ ಹಾಗಿಲ್ಲ. ಗುತ್ತಿಗೆ ಕೊಡುವವರಿಗೂ ತಮ್ಮ ಊರಿನ ನೆಲದಡಿ ಏನಿದೆ ಎಂದು ಗೊತ್ತಿರಬೇಕು, ದಿನನಿತ್ಯ ಲೆಕ್ಕ ಕೇಳುವ ತಾಕತ್ತೂ ಇರಬೇಕು.

ನಾಲ್ಕು ಬಗೆ, ನಾಲ್ಕು ಅಪಾಯ

ಖಾಸಗಿ ಸಹಭಾಗಿತ್ವ ಎಂಬ ಒಂದೇ ಹೆಸರಿನಡಿ ನಾವು ಬೇರೆ ಬೇರೆ ಸಂಗತಿಗಳನ್ನು ಗಂಟು ಹಾಕುತ್ತೇವೆ. ಅವನ್ನು ಬಿಡಿಸಿಟ್ಟುಕೊಂಡರೆ ವಾದ ಅರ್ಧ ತಿಳಿಯಾಗುತ್ತದೆ.

ಮೊದಲನೆಯದು ಸೇವಾ ಗುತ್ತಿಗೆ. ಕಸ ಸಾಗಿಸುವುದು, ಬೀದಿದೀಪ ನೋಡಿಕೊಳ್ಳುವುದು ಇತ್ಯಾದಿ. ಇಲ್ಲಿ ಗುತ್ತಿಗೆದಾರ ಹೇಳಿದಷ್ಟು ಕೆಲಸ ಮಾಡಿ ಬಿಲ್ಲು ಪಡೆಯುತ್ತಾನೆ. ಸುಳ್ಳು ಹಾಜರಿ, ಸುಳ್ಳು ತೂಕ ಇದರ ಕಾಯಿಲೆ. ಎರಡನೆಯದು ನಿರ್ವಹಣಾ ಗುತ್ತಿಗೆ; ಹುಬ್ಬಳ್ಳಿ–ಧಾರವಾಡದ ಮೊದಲ ಪ್ರಯೋಗ ಈ ಜಾತಿಯದು. ಫಲಿತಾಂಶ ಅಳೆಯುವ ಅಳತೆಗೋಲು ಸರಿಯಿದ್ದರೆ ಇದು ಕೆಲಸ ಮಾಡುತ್ತದೆ. ಮೂರನೆಯದು ರಿಯಾಯಿತಿ (ಕನ್ಸೆಷನ್) ಒಪ್ಪಂದ. ಕಂಪನಿ ತನ್ನ ಹಣ ಹಾಕಿ, ಹಲವು ವರ್ಷ ಬಳಕೆದಾರರಿಂದ ಶುಲ್ಕ ವಸೂಲು ಮಾಡಿಕೊಂಡು, ಕೊನೆಗೆ ಆಸ್ತಿಯನ್ನು ಮರಳಿಸುವುದು. ಹೆದ್ದಾರಿಯ ಟೋಲ್ ಎಲ್ಲರಿಗೂ ಗೊತ್ತಿರುವ ಉದಾಹರಣೆ. ದುಡ್ಡು ಹಾಕಿದವನಿಗೆ ದುಡ್ಡು ಮರಳಬೇಕಾದ್ದರಿಂದ ಕೊಡಲಾರದವನು ಹೊರಗುಳಿಯುವ ಅಪಾಯ ಇಲ್ಲಿ ಹೆಚ್ಚು. ನಾಲ್ಕನೆಯದು ದೇಣಿಗೆ, ಈಗಿನ ಭಾಷೆಯಲ್ಲಿ ಸಿಎಸ್‌ಆರ್ (ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ). ಇಲ್ಲಿ ಯಾರೂ ಶುಲ್ಕ ಕೇಳುವುದಿಲ್ಲ. ಆದರೆ ಊರಿಗೆ ಏನು ಬೇಕು ಎಂಬುದನ್ನು ಕೊಡುವವರೇ ತೀರ್ಮಾನಿಸಿಬಿಡುವ ಸಾಧ್ಯತೆ ಇರುತ್ತದೆ.

ಬೆಂಗಳೂರಿನ ಪಾಠಗಳು

ಊರಿನ ಆಡಳಿತಕ್ಕೆ ಉದ್ಯಮಿಗಳ ಬುದ್ಧಿ, ಹಣ ಎರಡನ್ನೂ ದೊಡ್ಡ ಪ್ರಮಾಣದಲ್ಲಿ ತಂದ ಪ್ರಯತ್ನ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್. 1999ರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ಇನ್ಫೊಸಿಸ್‌ನ ನಂದನ್ ನಿಲೇಕಣಿ ನೇತೃತ್ವದಲ್ಲಿ ಇದನ್ನು ರಚಿಸಿದರು. ಆರು ತಿಂಗಳಿಗೊಮ್ಮೆ ಪಾಲಿಕೆ, ಬಿಡಿಎ, ಜಲಮಂಡಳಿ, ಪೊಲೀಸ್ ಮುಂತಾದ ಸಂಸ್ಥೆಗಳ ಮುಖ್ಯಸ್ಥರು ಬಹಿರಂಗ ವೇದಿಕೆಯಲ್ಲಿ ನಿಂತು ತಮ್ಮ ಭರವಸೆ ಎಷ್ಟು ಈಡೇರಿತು ಎಂದು ವರದಿ ಒಪ್ಪಿಸುತ್ತಿದ್ದರು. ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ಪದ್ಧತಿ ಬಂದದ್ದು ಆಗಲೇ, 2000ದಲ್ಲಿ. ಮನೆಯೊಡೆಯರು ತಾವೇ ಲೆಕ್ಕ ಹಾಕಿ ತೆರಿಗೆ ಕಟ್ಟುವಂತಾಗಿ ಕಂದಾಯ ನಿರೀಕ್ಷಕರ ಮರ್ಜಿ ಕಾಯುವುದು ತಪ್ಪಿತು, ಪಾಲಿಕೆಯ ವರಮಾನ ಹೆಚ್ಚಿತು. ಪಾಲಿಕೆಯ ಲೆಕ್ಕಪತ್ರ ಆಧುನಿಕವಾಯಿತು. ಸುಧಾ ಮೂರ್ತಿಯವರ ನೆರವಿನಿಂದ ‘ನಿರ್ಮಲ’ ಶೌಚಾಲಯಗಳು ತಲೆಯೆತ್ತಿದವು.

ಇಷ್ಟೆಲ್ಲ ಆಗಿಯೂ 2004ರಲ್ಲಿ ಸರ್ಕಾರ ಬದಲಾದ ಮೇಲೆ ಆ ಕಾರ್ಯಪಡೆ ಸದ್ದಿಲ್ಲದೆ ನಿಂತಿತು. ಅದನ್ನು ಕಟ್ಟಿದ್ದು ಸರ್ಕಾರಿ ಆದೇಶ, ಬೆಂಬಲಿಸಿದ್ದು ಮುಖ್ಯಮಂತ್ರಿ. ವಾರ್ಡಿನ ಕಾರ್ಪೊರೇಟರ್‌ಗಳಿಗೆ ಅದರಲ್ಲಿ ಹೇಳಿಕೊಳ್ಳುವ ಪಾಲಿರಲಿಲ್ಲ. ಕೊಳೆಗೇರಿಯ ನಿವಾಸಿಗಳ ದನಿ ಅಲ್ಲಿ ಕೇಳಿಸಲಿಲ್ಲ ಎಂಬ ಟೀಕೆಯೂ ಇತ್ತು. ಅದು ನಿಂತಾಗ ಉಳಿಸಿಕೊಳ್ಳಿ ಎಂದು ಹಟ ಹಿಡಿಯುವ ಜನಪ್ರತಿನಿಧಿಗಳು ಇರಲಿಲ್ಲ. ಆದರೆ ಸ್ವಯಂ ಘೋಷಣೆ ತೆರಿಗೆ ಪದ್ಧತಿ ಪಾಲಿಕೆಯ ಸ್ವಂತ ನಿಯಮವಾಗಿದ್ದರಿಂದ ಬದುಕಿತು. ಹೊರಗಿನವರ ಒಳ್ಳೆಯ ಆಲೋಚನೆ ಸ್ಥಳೀಯ ಸಂಸ್ಥೆಯ ಕಾಯಿದೆಯೊಳಗೆ ಸೇರಿದರೆ ಮಾತ್ರ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಕೆರೆಗಳ ಕಥೆ ಇನ್ನೊಂದು ಮುಖ ತೋರಿಸುತ್ತದೆ. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರ, ಅಗರ ಮೊದಲಾದ ಕೆರೆಗಳನ್ನು ಖಾಸಗಿಯವರಿಗೆ ದೀರ್ಘಾವಧಿ ಗುತ್ತಿಗೆಗೆ ಕೊಡಲು ಹೊರಟಿತು. ಹೂಳೆತ್ತಿ ಕಾಪಾಡುವ ಖರ್ಚು ಅವರದು, ದೋಣಿವಿಹಾರ, ಹೋಟೆಲು, ಮನರಂಜನೆಯಿಂದ ಆದಾಯವೂ ಅವರದು. ನಾಗವಾರ ಕೆರೆಯ ದಂಡೆಗೆ ಹೋಗಲು ಟಿಕೆಟ್ ಬಂತು. ದನ ಮೇಯಿಸುವವರು, ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು, ಸುಮ್ಮನೆ ಗಾಳಿ ಸೇವನೆಗೆ ಬರುವವರು ಬೇಲಿಯ ಹೊರಗಾದರು. ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಕೋರ್ಟ್ ರಚಿಸಿದ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ವರದಿ ಕೊಟ್ಟಿತು. 2012ರಲ್ಲಿ ಬಂದ ಅಂತಿಮ ಆದೇಶದೊಂದಿಗೆ ಕೆರೆಗಳನ್ನು ಹೀಗೆ ಖಾಸಗಿಗೆ ವಹಿಸುವ ನೀತಿಗೆ ತಡೆ ಬಿತ್ತು.

ಅದೇ ಕಾಲದಲ್ಲಿ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯಲ್ಲಿ ಬೇರೆಯದೇ ದಾರಿ ತೆರೆದುಕೊಂಡಿತು. ಕೆರೆ ಪಾಲಿಕೆಯದು, ಪುನಶ್ಚೇತನದ ಹಣವೂ ಪಾಲಿಕೆಯದು. ಸುತ್ತಲಿನ ನಿವಾಸಿಗಳು ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಂಸ್ಥೆ ಎಂಬ ಟ್ರಸ್ಟ್ ಕಟ್ಟಿಕೊಂಡು ನಿರ್ವಹಣೆಗೆ ನಿಂತರು. ದೇಣಿಗೆ, ಕಂಪನಿಗಳ ನೆರವು ಆಮೇಲೆ ಸೇರಿಕೊಂಡವು. ಪ್ರವೇಶಕ್ಕೆ ಟಿಕೆಟ್ ಇಲ್ಲ. ಮೇವಿನ ಹುಲ್ಲು ಕೊಯ್ಯುವವರಿಗೂ ಜಾಗ ಉಳಿಯಿತು. ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿಯ 36 ಎಕರೆ ಕೆರೆಯನ್ನು 2017ರಲ್ಲಿ ಸನ್ಸೇರಾ ಎಂಜಿನಿಯರಿಂಗ್ ಕಂಪನಿ ತನ್ನ ಸಿಎಸ್‌ಆರ್ ಹಣದಲ್ಲಿ ಹೂಳೆತ್ತಿಸಿದಾಗಲೂ ಕೆರೆಯ ಒಡೆತನ ಬದಲಾಗಲಿಲ್ಲ. ಗುತ್ತಿಗೆಗೆ ಹೋದ ಕೆರೆಗೂ ಈ ಎರಡು ಕೆರೆಗಳಿಗೂ ಇರುವ ವ್ಯತ್ಯಾಸ ಒಂದೇ: ದುಡ್ಡು ಹಾಕಿದವರಿಗೆ ಕೆರೆಯ ಮೇಲೆ ಹಕ್ಕು ಬರಲಿಲ್ಲ.

ಶೇ 2ರ ಲೆಕ್ಕ

ಸಿಎಸ್‌ಆರ್ ಎಂದರೆ ಕಂಪನಿಯ ಮನಸ್ಸಿಗೆ ಬಂದ ದಾನ ಎಂದು ಅನೇಕರು ತಿಳಿದಿದ್ದಾರೆ. 2013ರ ಕಂಪನಿ ಕಾಯಿದೆಯ 135ನೇ ಸೆಕ್ಷನ್ ಅದನ್ನು ಕಡ್ಡಾಯ ಮಾಡಿದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ. ಈ ಮೂರರಲ್ಲಿ ಯಾವುದಾದರೂ ಒಂದು ಗಡಿ ದಾಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ನಿಯಮದಿಂದ ಈಚಿನ ವರ್ಷಗಳಲ್ಲಿ ದೇಶದಾದ್ಯಂತ ವರ್ಷಕ್ಕೆ 25 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಹರಿದಿದೆ. ಕರ್ನಾಟಕ ಹೆಚ್ಚು ಪಡೆಯುವ ರಾಜ್ಯಗಳ ಸಾಲಿನಲ್ಲಿದೆ.

ಆದರೆ ಕಂಪನಿ ಕಾರ್ಯನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎನ್ನುತ್ತದೆ ಕಾಯಿದೆ. ಕಾರ್ಖಾನೆ, ಕಚೇರಿ ಇರುವ ಕಡೆಗೇ ಹಣ ಹರಿಯುವುದು ಇದರ ಸಹಜ ಪರಿಣಾಮ. ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿರುವ ರಾಯಚೂರು, ಯಾದಗಿರಿಗಳಲ್ಲಿ ಬೆಂಗಳೂರಿನಷ್ಟು ಕಂಪನಿಗಳೆಲ್ಲಿವೆ? ಅಗತ್ಯ ಹೆಚ್ಚಿರುವ ಊರು ಒಂದು ಕಡೆ, ಹಣವಿರುವ ಊರು ಇನ್ನೊಂದು ಕಡೆ.

ಇನ್ನೂ ಮುಖ್ಯವಾದ ಕೊರತೆ ಬೇರೆ. ಈ ಹಣ ಎಲ್ಲಿ, ಯಾವುದಕ್ಕೆ ಎಂದು ತೀರ್ಮಾನಿಸುವುದು ಕಂಪನಿಯ ಆಡಳಿತ ಮಂಡಳಿ. ಗ್ರಾಮಸಭೆಯನ್ನು ಕೇಳಲೇಬೇಕು ಎಂಬ ಕಟ್ಟು ಕಾಯಿದೆಯಲ್ಲಿಲ್ಲ. ಹಾಗಾಗಿ ಶಾಲೆಗೆ ಸ್ಮಾರ್ಟ್ ಬೋರ್ಡ್ ಬರುತ್ತದೆ, ಶಿಕ್ಷಕರ ಹುದ್ದೆ ಖಾಲಿ ಇರುತ್ತದೆ. ಶೌಚಾಲಯ ಕಟ್ಟಿಸಿಕೊಡುತ್ತಾರೆ, ಅದಕ್ಕೆ ನೀರಿನ ಸಂಪರ್ಕವಿರುವುದಿಲ್ಲ. ಉದ್ಘಾಟನೆಯ ವರದಿ ಪತ್ರಿಕೆಯಲ್ಲಿ ಬಂದ ಮೇಲೆ ಬಲ್ಬು ಬದಲಿಸುವವರು ಯಾರು, ಬೀಗದ ಕೈ ಯಾರ ಬಳಿ ಎಂಬ ಸಣ್ಣ ಪ್ರಶ್ನೆಗಳೇ ಆ ಕಟ್ಟಡದ ಆಯುಷ್ಯ ನಿರ್ಧರಿಸುತ್ತವೆ. 2021ರ ತಿದ್ದುಪಡಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ಸಿಎಸ್‌ಆರ್ ಹಣದಲ್ಲಿ ಸೃಷ್ಟಿಯಾದ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ; ಅದು ಸೇವಾ ಸಂಸ್ಥೆ, ಫಲಾನುಭವಿಗಳ ಸಂಘ ಅಥವಾ ಸಾರ್ವಜನಿಕ ಪ್ರಾಧಿಕಾರದ ಬಳಿ ಇರಬೇಕು. ಪಂಚಾಯಿತಿಗಳು ಈ ನಿಯಮವನ್ನು ಅರಿತು ಆಸ್ತಿಯನ್ನು ತಮ್ಮ ಹೆಸರಿಗೆ ಕೇಳಿ ಪಡೆಯಬೇಕು.

ಐದು ರೂಪಾಯಿಯ ನಾಣ್ಯ ಮತ್ತು ಬೀಗ

ಹಳ್ಳಿಗಳಿಗೆ ಬಂದರೆ ಈ ಪ್ರಶ್ನೆ ಒಂದು ಚಿಕ್ಕ ಶೆಡ್ಡಿನ ರೂಪದಲ್ಲಿ ಎದುರಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ ಕೊಳವೆಬಾವಿಯ ಆಳದಿಂದ ಫ್ಲೋರೈಡ್ ಬೆರೆತ ನೀರು ಬರುತ್ತದೆ. ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವಯಸ್ಸಿಗೆ ಮೊದಲೇ ಮೂಳೆ ಸೆಡೆಯುತ್ತದೆ. ಅದಕ್ಕಾಗಿ ಸರ್ಕಾರ, ಕಂಪನಿ, ಸಹಕಾರ ಸಂಘ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಂಥ ಸಂಸ್ಥೆಗಳು ರಾಜ್ಯದಲ್ಲಿ ಸಾವಿರಾರು ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಕಟ್ಟಿವೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಐದು ರೂಪಾಯಿಗೆ ಒಂದು ಮನೆಯ ದಿನದ ಕುಡಿಯುವ ನೀರು ಸಿಗುವುದು ದೊಡ್ಡ ಸಂಗತಿಯೇ.

ಕೆಟ್ಟು ನಿಂತ ಘಟಕದ ಮುಂದೆ ನಿಂತವರಿಗೆ ಇನ್ನೊಂದು ಸತ್ಯ ಕಾಣುತ್ತದೆ. ನಾಣ್ಯದ ತೂತಿಗೆ ಅಂಟಿಸಿದ ಟೇಪು, ಬಾಗಿಲಿಗೆ ಬೀಗ, ಗೋಡೆಯ ಮೇಲೆ ಮಾಸಿದ ಮೊಬೈಲ್ ಸಂಖ್ಯೆ. ಒಳಗಿನ ಪೊರೆ ಬದಲಿಸಬೇಕು, ಮೋಟಾರ್ ಸುಟ್ಟಿದೆ, ವಿದ್ಯುತ್ ಬಿಲ್ ಬಾಕಿ. ಕಟ್ಟಿದವರು ಒಬ್ಬರು, ನಡೆಸುವ ಏಜೆನ್ಸಿ ಇನ್ನೊಂದು, ಬಿಲ್ ಕಟ್ಟಬೇಕಾದದ್ದು ಪಂಚಾಯಿತಿ. ಅಧ್ಯಕ್ಷರನ್ನು ಕೇಳಿದರೆ “ಅದು ನಮ್ಮ ಸುಪರ್ದಿಗೆ ಬಂದಿಲ್ಲ” ಎನ್ನುತ್ತಾರೆ. ಏಜೆನ್ಸಿ “ನಮ್ಮ ಅವಧಿ ಮುಗಿದಿದೆ” ಎನ್ನುತ್ತದೆ. ಕಟ್ಟಿಸುವ ದಿನವೇ ನಿರ್ವಹಣೆಯ ಹಣ, ಬಿಡಿಭಾಗದ ಹೊಣೆ, ಹಸ್ತಾಂತರದ ದಿನಾಂಕ ಬರೆದಿಡದ ಘಟಕಗಳ ಪಾಡು ಇದು.

ಹಳ್ಳಿಗಳಲ್ಲೇ ಭರವಸೆ ಕೊಡುವ ಮಾದರಿಯೂ ಇದೆ. ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳು ಕಸ ಸಂಗ್ರಹವನ್ನು ಸಂಜೀವಿನಿ ಯೋಜನೆಯ ಮಹಿಳಾ ಒಕ್ಕೂಟಗಳಿಗೆ ಒಪ್ಪಂದದ ಮೇಲೆ ವಹಿಸಿವೆ. ಕಸದ ವಾಹನ ‘ಸ್ವಚ್ಛ ವಾಹಿನಿ’ಯ ಸ್ಟೀರಿಂಗ್ ಹಿಡಿದವರು ಅದೇ ಊರಿನ ಹೆಣ್ಣುಮಕ್ಕಳು. ಮನೆಮನೆಗೆ ಶುಲ್ಕ ಎಷ್ಟೆಂದು ಪಂಚಾಯಿತಿ ಠರಾವು ಮಾಡುತ್ತದೆ, ವಸೂಲಿ ಮತ್ತು ವಿಂಗಡಣೆ ಒಕ್ಕೂಟದ್ದು. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣಕಸ ಸಂಸ್ಕರಣೆ ಘಟಕವಿದೆ. ಸುತ್ತಲಿನ ಹತ್ತಾರು ಪಂಚಾಯಿತಿಗಳ ಪ್ಲಾಸ್ಟಿಕ್, ರಟ್ಟು ಅಲ್ಲಿಗೆ ಬರುತ್ತದೆ. ಒಂದೊಂದು ಪಂಚಾಯಿತಿಗೂ ಬೇಲಿಂಗ್ ಯಂತ್ರ ಕೊಳ್ಳುವ ಶಕ್ತಿಯಿಲ್ಲ, ಮಾರುಕಟ್ಟೆಯ ಪರಿಚಯವೂ ಇಲ್ಲ. ಘಟಕ ಸರ್ಕಾರದ ಹಣದಲ್ಲಿ ಕಟ್ಟಿದ್ದು, ನಡೆಸುವುದು ಖಾಸಗಿ ಸಂಸ್ಥೆ. ಪಂಚಾಯಿತಿಗೆ ಬಾರದ ಕೌಶಲವನ್ನು ಹೊರಗಿನಿಂದ ತಂದು, ತೀರ್ಮಾನವನ್ನು ಒಳಗೇ ಇಟ್ಟುಕೊಳ್ಳುವುದೆಂದರೆ ಹೀಗೆ.

ಕೇಳಬೇಕಾದವರು ಎಲ್ಲಿದ್ದಾರೆ?

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಊರಿನ ಆಡಳಿತವನ್ನು ಊರಿನವರ ಕೈಗೆ ಕೊಟ್ಟವು. ಪಂಚಾಯಿತಿಗೆ 29 ವಿಷಯ, ನಗರ ಸಂಸ್ಥೆಗೆ 18 ವಿಷಯ ಪಟ್ಟಿಯಾದವು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕೆಂದು ಬರೆದರು. ಕರ್ನಾಟಕದಲ್ಲಿ ಆದದ್ದೇನು? ಬೆಂಗಳೂರು ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಪಾಲಿಕೆಯೇ ಐದು ಭಾಗವಾಗುವವರೆಗಿನ ಐದು ವರ್ಷಗಳಲ್ಲಿ ಮತದಾನ ನಡೆಯಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ನಡೆಸಿದರು. ಇಂಥ ಶೂನ್ಯದಲ್ಲಿ ಕಂಪನಿಗಳೊಂದಿಗೆ ಆಗುವ ಯಾವ ಒಪ್ಪಂದಕ್ಕೂ ಜನರ ಒಪ್ಪಿಗೆಯ ಬಲ ಇರುವುದಿಲ್ಲ. ಕಂಪನಿಗಳಿಗೂ ಇದು ಒಳ್ಳೆಯದಲ್ಲ. ಚರ್ಚೆಯಾಗದೆ ಸಹಿಯಾದ ಕರಾರು ಮುಂದೆ ಯಾವಾಗಲಾದರೂ ಬೀದಿಯಲ್ಲಿ ಚರ್ಚೆಯಾಗಿಯೇ ಆಗುತ್ತದೆ, ಆಗ ಕಲ್ಲು ಬೀಳುವುದು ಅವರ ಕಚೇರಿಯ ಮೇಲೆ.

ಖಾಸಗಿಯವರು ಊರಿಗೆ ಬರಲಿ. ಅವರ ಎಂಜಿನಿಯರುಗಳ ಪರಿಣತಿ, ಲೆಕ್ಕದ ಶಿಸ್ತು, ಯಂತ್ರ, ಹಣ ಎಲ್ಲವೂ ನಮಗೆ ಬೇಕು. ಆದರೆ ಸಹಿ ಬೀಳುವ ಮೊದಲು ವಾರ್ಡ್ ಸಮಿತಿಯಲ್ಲಿ, ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಆಸ್ತಿ ಯಾರ ಹೆಸರಿನಲ್ಲಿ ಇರುತ್ತದೆ? ದರ ನಿಗದಿ ಮಾಡುವವರು ಯಾರು, ಕಟ್ಟಲಾಗದ ಮನೆಗೆ ಏನು ಏರ್ಪಾಡು? ಕೆಲಸ ಕೆಟ್ಟರೆ ಯಾವ ಕಚೇರಿಯ ಯಾವ ಅಧಿಕಾರಿ ಉತ್ತರ ಹೇಳುತ್ತಾರೆ, ಎಷ್ಟು ದಂಡ? ಅವಧಿ ಮುಗಿದಾಗ, ಅಥವಾ ಕಂಪನಿ ನಡುವೆ ಬಿಟ್ಟುಹೋದಾಗ, ಕೆಲಸ ಮುಂದುವರಿಸುವವರು ಯಾರು?

ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಮಾಹಿತಿ ಹಕ್ಕು ಕಾಯಿದೆಯ 4ನೇ ಸೆಕ್ಷನ್ ಪ್ರಕಾರ ಯಾರೂ ಅರ್ಜಿ ಹಾಕದಿದ್ದರೂ ಸಾರ್ವಜನಿಕ ಸಂಸ್ಥೆಗಳು ಇಂಥ ವಿವರಗಳನ್ನು ತಾವಾಗಿಯೇ ಪ್ರಕಟಿಸಬೇಕು. ಒಪ್ಪಂದದ ಸಾರಾಂಶವನ್ನು ಎರಡು ಪುಟದ ತಿಳಿಗನ್ನಡದಲ್ಲಿ ಬರೆದು ಪಂಚಾಯಿತಿ ಕಟ್ಟೆಯ, ವಾರ್ಡ್ ಕಚೇರಿಯ ಫಲಕಕ್ಕೆ ಹಾಕಲು ಯಾವ ಸಾಲವೂ ಬೇಡ, ಯಾವ ಸಲಹಾ ಸಂಸ್ಥೆಯೂ ಬೇಡ. ಮೊದಲ ಹೆಜ್ಜೆಯಾಗಿ ಅಷ್ಟನ್ನು ಪ್ರತಿ ಪಾಲಿಕೆ, ಪ್ರತಿ ಪಂಚಾಯಿತಿ ಮಾಡಲಿ. ಅದನ್ನು ಓದಿ ಪ್ರಶ್ನೆ ಕೇಳುವ ಕೆಲಸವನ್ನು ಮುಂದಿನ ಗ್ರಾಮಸಭೆಯಿಂದಲೇ ನಾವು ಶುರು ಮಾಡೋಣ. ಆ ಕೆಲಸವೊಂದನ್ನು ಯಾವ ಕಂಪನಿಗೂ ಗುತ್ತಿಗೆ ಕೊಡಲು ಬರುವುದಿಲ್ಲ.